ಮಿದುಳಿನ ರಕ್ತಸ್ರಾವಕ್ಕೆ ಚಿಕಿತ್ಸೆ ತಡವಾದರೆ ಮುಂದಿನ ಚೇತರಿಕೆಯೂ ಕುಂಠಿತವಾಗುತ್ತದೆಯೇ?

ನಿಮ್ಮ ತಂದೆಯವರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ, ಆಸ್ಪತ್ರೆ ಸೇರುವ ಹೊತ್ತಿಗೆ 6 ಗಂಟೆ ಕಳೆದಿತ್ತೆಂದೂ, 2 ತಿಂಗಳಾದರೂ ಬಲಗೈ ಏಳುತ್ತಿಲ್ಲವೆಂದೂ ಬರೆದು, ಇದಕ್ಕೆಲ್ಲ ಆ ವಿಳಂಬವೇ ಕಾರಣವೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ನನ್ನ ತಾಯಿಗೆ ಇದೇ ಆದಾಗ ನಾವೂ ಹೆಚ್ಚುಕಡಿಮೆ ಅಷ್ಟೇ ತಡಮಾಡಿದ್ದೆವು. ಬೆಳಿಗ್ಗೆ ತಲೆನೋವು, ವಾಂತಿ ಎಂದಾಗ ಪಿತ್ತವಿರಬೇಕೆಂದು ಮಲಗಿಸಿದೆವು. ಮಧ್ಯಾಹ್ನ ಕೊಟ್ಟ ನೀರಿನ ಲೋಟ ಕೈಯಿಂದ ಜಾರಿ ಬಿದ್ದರೂ ಅವರು ಅತ್ತ ತಿರುಗಿ ನೋಡದಿದ್ದಾಗಲೇ ನಮಗೆ ಗಾಬರಿಯಾದದ್ದು.

ತಡವಾದದ್ದರಿಂದ ಏನೂ ಆಗಿಲ್ಲ ಎಂದರೆ ಅದು ಸುಳ್ಳು ಸಮಾಧಾನವಾಗುತ್ತದೆ. ಒಡೆದ ರಕ್ತನಾಳದ ಸೋರಿಕೆ ಎಲ್ಲರಲ್ಲೂ ತಕ್ಷಣ ನಿಲ್ಲುವುದಿಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಹೆಪ್ಪುಗಟ್ಟಿದ ರಕ್ತದ ಗಾತ್ರ ಮೊದಲ ಕೆಲವು ಗಂಟೆಗಳಲ್ಲಿ ಇನ್ನೂ ಹಿಗ್ಗುತ್ತದೆ, ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದವರಲ್ಲಿ ಆ ಅಪಾಯ ಹೆಚ್ಚು. ಮೇಲಿನ ಬಿಪಿಯನ್ನು 140ರ ಆಸುಪಾಸಿಗೆ ಇಳಿಸುವುದು, ಆ ಮಾತ್ರೆಗಳ ಪರಿಣಾಮವನ್ನು ಅಳಿಸುವ ಔಷಧ ಕೊಡುವುದು, ಸಕ್ಕರೆ ಮತ್ತು ಜ್ವರವನ್ನು ಹತೋಟಿಯಲ್ಲಿಡುವುದು, ಇವೆಲ್ಲವನ್ನೂ ಅವಸರದಿಂದ ಮಾಡುವುದು ಮತ್ತಷ್ಟು ಹಾನಿಯಾಗದಿರಲೆಂದು. 7,000ಕ್ಕೂ ಹೆಚ್ಚು ರೋಗಿಗಳನ್ನೊಳಗೊಂಡು 2023ರಲ್ಲಿ ಪ್ರಕಟವಾದ ಇಂಟರ್‌ಆಕ್ಟ್-3 ಅಧ್ಯಯನದಲ್ಲಿ, ಈ ಕ್ರಮಗಳನ್ನು ಒಟ್ಟಾಗಿ ಬೇಗನೆ ಕೈಗೊಂಡ ಕಡೆ 6 ತಿಂಗಳ ನಂತರದ ಸ್ಥಿತಿ ಉತ್ತಮವಾಗಿತ್ತು. ಅನ್ಯೂರಿಸಂ, ಅಂದರೆ ರಕ್ತನಾಳದ ಗೋಡೆ ದುರ್ಬಲವಾಗಿ ಬಲೂನಿನಂತೆ ಉಬ್ಬಿದ ಜಾಗ, ಒಡೆದು ಮಿದುಳಿನ ಸುತ್ತ ರಕ್ತ ಹರಡುವ ಬಗೆ ಬೇರೆ. ಅಲ್ಲಿ ಮೊದಲ 24 ಗಂಟೆಗಳೊಳಗೆ ಮತ್ತೊಮ್ಮೆ ಒಡೆಯುವ ಭಯವೇ ದೊಡ್ಡದು.

ಆದರೆ ನಿಮ್ಮ ತಂದೆಯವರ ಕೈಯಲ್ಲಿ ಈಗಿರುವ ನಿಶ್ಶಕ್ತಿಯಲ್ಲಿ ಆ 6 ಗಂಟೆಗಳ ಪಾಲೆಷ್ಟು ಎಂದು ಯಾರೂ ಲೆಕ್ಕ ಹಾಕಿ ಹೇಳಲಾರರು. ನಮ್ಮ ವೈದ್ಯರು ಮೊದಲ ಸಿ.ಟಿ. ಸ್ಕ್ಯಾನನ್ನೂ ಮರುದಿನದ್ದನ್ನೂ ಅಕ್ಕಪಕ್ಕ ಹಿಡಿದು, ಬಿಳಿಯ ಮಚ್ಚೆ ಎರಡರಲ್ಲೂ ಒಂದೇ ಅಳತೆಯಲ್ಲಿದೆ, ಅಂದರೆ ನೀವು ಬರುವ ಹೊತ್ತಿಗೆ ರಕ್ತ ನಿಂತಿತ್ತು ಎಂದರು. ಅದು ಮೊದಲ ಗಂಟೆಯಲ್ಲಿ ಎಷ್ಟಿತ್ತು ಎಂಬುದಕ್ಕೆ ಚಿತ್ರವೇ ಇಲ್ಲ. ರಕ್ತ ಎಲ್ಲಿ ಸೇರಿತು, ಎಷ್ಟು ಸೇರಿತು, ರೋಗಿಯ ವಯಸ್ಸೆಷ್ಟು, ಆಸ್ಪತ್ರೆಗೆ ಬಂದಾಗ ಪ್ರಜ್ಞೆ ಎಷ್ಟಿತ್ತು ಎಂಬುವೂ ಫಲವನ್ನು ನಿರ್ಧರಿಸುತ್ತವೆ. ನಿಮ್ಮಲ್ಲೂ ಎರಡು ಸ್ಕ್ಯಾನ್ ಆಗಿದ್ದರೆ ಹೋಲಿಸಿ ತೋರಿಸುವಂತೆ ಕೇಳಿ.

2 ತಿಂಗಳಿಗೇ ತೀರ್ಮಾನಕ್ಕೆ ಬರಬೇಡಿ ಎನ್ನಲು ಕಾರಣವಿದೆ. ರಕ್ತದ ಗಡ್ಡೆ ಮಿದುಳಿನ ಒಂದು ಭಾಗವನ್ನು ನಾಶಮಾಡಿದರೆ, ಸುತ್ತಲಿನ ಭಾಗವನ್ನು ಬರಿದೇ ಒತ್ತಿ ಹಿಡಿದಿರುತ್ತದೆ. ಗಡ್ಡೆ ಕರಗಿ ಬಾವು ಇಳಿಯಲು ವಾರಗಳೇ ಬೇಕು, ಆಮೇಲಷ್ಟೇ ಆ ಭಾಗ ಮತ್ತೆ ಕೆಲಸಕ್ಕೆ ತೊಡಗಬಲ್ಲದು. ಚೇತರಿಕೆಯ ವೇಗ ಮೊದಲ 3ರಿಂದ 6 ತಿಂಗಳಲ್ಲಿ ಹೆಚ್ಚು, ಆದರೆ ಅಲ್ಲಿಗೆ ಮುಗಿಯುವುದಿಲ್ಲ. ಮಾತು ವರ್ಷಗಳ ನಂತರವೂ ಸುಧಾರಿಸುವುದುಂಟು.

ನಾನು ನಿಜವಾಗಿ ಪರಿತಪಿಸುವುದು ಎರಡನೆಯ ವಿಳಂಬಕ್ಕೆ. ಮೊದಲ 24 ಗಂಟೆಯೊಳಗೆ ಅತಿಯಾಗಿ ಎಬ್ಬಿಸಿ ನಡೆಸುವುದು ಒಳ್ಳೆಯದಲ್ಲವೆಂದು 2015ರ ಅವರ್ಟ್ ಅಧ್ಯಯನ ತೋರಿಸಿದೆ, ಸರಿ. ನಾವಾದರೋ ಮನೆಗೆ ಬಂದ ಮೇಲೂ ಪೂರ್ಣ ವಿಶ್ರಾಂತಿಯೇ ಔಷಧವೆಂದು ನಂಬಿ, ಫಿಸಿಯೋಥೆರಪಿಯನ್ನು ಒಂದೂವರೆ ತಿಂಗಳು ಮುಂದೂಡಿದೆವು. ಅಷ್ಟರಲ್ಲಿ ತಾಯಿಯ ಬೆರಳುಗಳು ಮುಷ್ಟಿಯಾಗಿ ಬಿಗಿದು, ಉಗುರು ಕತ್ತರಿಸಲೂ ಒಂದೊಂದಾಗಿ ಬಿಡಿಸಬೇಕಾಗುತ್ತಿತ್ತು. ಇಂದಿಗೂ ಅವರ ನಡಿಗೆ ಕೈಗಿಂತ ಬಹಳ ಚೆನ್ನಾಗಿದೆ. ಆದ್ದರಿಂದ ವ್ಯಾಯಾಮ ಇನ್ನೂ ಶುರುವಾಗಿರದಿದ್ದರೆ ಈ ವಾರವೇ ವೈದ್ಯರನ್ನು ಕೇಳಿ ಶುರುಮಾಡಿಸಿ, ಬಿಪಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ, ಮತ್ತು ತಂದೆಯವರನ್ನು ಎಬ್ಬಿಸಿ ಕೂರಿಸುವಾಗ ಆ ಬಲಗೈ ಹಿಡಿದು ಎಳೆಯಬೇಡಿ. ಶಕ್ತಿಯಿಲ್ಲದ ಭುಜದ ಕೀಲು ಸುಲಭವಾಗಿ ಸಡಿಲಗೊಳ್ಳುತ್ತದೆ.