ಒಂದೇ ತಲೆಗೆ ಎರಡು ಪೇಟ

ಪ್ರಶ್ನೆ: ಮಗಳು ರೊಮೇನಿಯಾದ ಯಾಶ್ ಊರಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಜನವರಿ 24ಕ್ಕೆ ರಜೆ, ಕೂಝಾ ಅನ್ನುವ ದೊರೆ ನೆನಪಿಗೆ ಅಂದಳು. ಯಾರವನು? ಅಲ್ಲಿ ಒಡಹುಟ್ಟಿದ ಇಬ್ಬರು ದೊರೆಗಳಿಗೆ ಬೇರೆ ಬೇರೆ ಮನೆತನದ ಹೆಸರಂತೆ, ಹೌದಾ?
— ಒಬ್ಬ ತಾಯಿ, ಪೊನ್ನಂಪೇಟೆ

ಉತ್ತರ: ಮೊದಲು ಅಣ್ಣತಮ್ಮಂದಿರ ವಿಷಯ ಮುಗಿಸೋಣ. ಅಣ್ಣ ಬಾರ್ಬು ಶ್ತಿರ್ಬೇ, ತಮ್ಮ ಗಿಯೊರ್ಗೆ ಬಿಬೆಸ್ಕು. ಇಬ್ಬರೂ ಈಗಿನ ರೊಮೇನಿಯಾದ ಭಾಗವಾದ ವಲಾಕಿಯಾ ಆಳಿದರು. ಹುಟ್ಟಿದ್ದು ಬಿಬೆಸ್ಕು ಮನೆಯಲ್ಲೇ. ತಾಯಿ ಕಡೆಯ ಶ್ತಿರ್ಬೇ ಮನೆತನಕ್ಕೆ ವಾರಸುದಾರ ಇರಲಿಲ್ಲ, ಅಣ್ಣನನ್ನು ದತ್ತು ತಗೊಂಡರು. ಆಸ್ತಿ ಜೊತೆ ಹೆಸರೂ ಬಂತು. ನಮ್ಮ ಕೊಡವರಲ್ಲಿ ಒಕ್ಕ, ಅಂದರೆ ಮನೆತನ, ಅಳಿಯಬಾರದು ಅಂತ ಒಕ್ಕಪರಿಜೆ ಮಾಡುವುದಿಲ್ಲವೇ? ಅದು ಮದುವೆ, ಇದು ದತ್ತು. ಚಿಂತೆ ಮಾತ್ರ ಒಂದೇ.

ಇನ್ನು ಕೂಝಾ. ಆಗ ರೊಮೇನಿಯಾ ಇರಲಿಲ್ಲ. ಮೊಲ್ಡಾವಿಯಾ, ವಲಾಕಿಯಾ ಅಂತ ತುರ್ಕಿ ಸುಲ್ತಾನನ ಕೆಳಗೆ ಎರಡು ಸಂಸ್ಥಾನ. ನಿಮ್ಮ ಮಗಳಿರುವ ಯಾಶ್ ಮೊಲ್ಡಾವಿಯಾದ ರಾಜಧಾನಿ. 1858ರಲ್ಲಿ ಪ್ಯಾರಿಸ್‌ನಲ್ಲಿ ಕೂತ ದೊಡ್ಡ ದೇಶಗಳು ಎರಡಕ್ಕೂ ಬೇರೆ ಬೇರೆ ದೊರೆ ಅಂತ ಬರೆದವು. ಇಬ್ಬರೂ ಒಬ್ಬನೇ ಆಗಬಾರದು ಅಂತ ಬರೆಯೋದು ಮರೆತರು! ಅವರ ಹಳೇ ಪಂಚಾಂಗದ ಪ್ರಕಾರ 1859ರ ಜನವರಿ 5ಕ್ಕೆ ಯಾಶ್‌ನಲ್ಲಿ, 24ಕ್ಕೆ ವಲಾಕಿಯಾದ ಬುಕಾರೆಸ್ಟ್‌ನಲ್ಲಿ ಅದೇ ಅಲೆಕ್ಸಾಂಡ್ರು ಇಯೊನ್ ಕೂಝಾನನ್ನು ಆರಿಸಿದರು. ಎರಡೂ ಸಂಸ್ಥಾನಕ್ಕೆ ಒಬ್ಬನೇ ದೊರೆಯಾದ ಆ ದಿನದ ನೆನಪಿಗೇ ಈ ರಜೆ. (ನಮ್ಮ ಚಿಕ್ಕವೀರರಾಜ ಲಂಡನ್ನಿನಲ್ಲಿ ತೀರಿಕೊಂಡದ್ದೂ ಅದೇ ವರ್ಷ. ಸುಮ್ನೆ ನೆನಪಾಯಿತು.)

ಅವನ ಬಲಗೈ ಮಿಹಾಯಿಲ್ ಕೊಗಲ್ನಿಚಾನು. ತಾನೂ ಬೊಯಾರ್, ಅಂದರೆ ಜಮೀನ್ದಾರ ಮನೆತನದವನೇ. ನನಗೆ ಕೂಝಾಗಿಂತ ಇವನೇ ಜಾಸ್ತಿ ಇಷ್ಟ. 1863ರಲ್ಲಿ ಮಠಗಳ ಭೂಮಿಯನ್ನು ಸರ್ಕಾರಕ್ಕೆ ತಗೊಂಡರು, ದೇಶದ ಸುಮಾರು ಕಾಲು ಭಾಗ. ಮರುವರ್ಷ ಬಿಟ್ಟಿದುಡಿಮೆ ರದ್ದು, ರೈತರಿಗೆ ಭೂಮಿ. ಹಂಚಿದ ಲೆಕ್ಕ ನೋಡಿ: ನಾಲ್ಕು ಎತ್ತು, ಒಂದು ಹಸು ಇದ್ದವನಿಗೆ ಹೆಚ್ಚು, ಎರಡು ಎತ್ತಿನವನಿಗೆ ಕಡಿಮೆ, ಎತ್ತೇ ಇಲ್ಲದವನಿಗೆ ಇನ್ನೂ ಕಡಿಮೆ. ಅದೂ ಬಿಟ್ಟಿ ಅಲ್ಲ, ಹದಿನೈದು ವರ್ಷದ ಕಂತು. ಜಮ್ಮಾ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ, ಗದ್ದೆಯ ಆರ್‌ಟಿಸಿ ಸರಿ ಮಾಡಿಸಲು ನಾನೇ ಆರು ವರ್ಷ ಅಲೆದವನು. ಕಾಗದ ಕೈಗೆ ಬರೋದಕ್ಕೂ ಗದ್ದೆ ಕೈಗೆ ಬರೋದಕ್ಕೂ ಎಷ್ಟು ದೂರ ಅಂತ ಗೊತ್ತು.

ಬೊಯಾರರು ಸುಮ್ಮನಿರುತ್ತಾರಾ? ಕೂಝಾನ ಒಂಟಿ ದರ್ಬಾರು ಸಹಿಸದ ಉದಾರವಾದಿಗಳೂ ಅವರ ಜೊತೆ ಸೇರಿದರು. 1866ರ ಫೆಬ್ರವರಿಯ ಒಂದು ರಾತ್ರಿ ಸೈನ್ಯದ ಅಧಿಕಾರಿಗಳು ಮಲಗುವ ಕೋಣೆಗೇ ನುಗ್ಗಿದರು. ಬರೆಯಲು ಮೇಜಿಲ್ಲ ಅಂದಾಗ ಒಬ್ಬ ಬೆನ್ನು ಬಗ್ಗಿಸಿ ನಿಂತನಂತೆ, ಅದರ ಮೇಲೆ ಪಟ್ಟ ಬಿಟ್ಟುಕೊಡುವ ಕಾಗದ ಇಟ್ಟು ಸಹಿ ಹಾಕಿಸಿಕೊಂಡರಂತೆ. ಬದಲಿಗೆ ಬಂದ ಜರ್ಮನ್ ರಾಜಕುಮಾರ ಕಾರೊಲ್, ಆಸ್ಟ್ರಿಯಾದವರ ಕಣ್ಣು ತಪ್ಪಿಸಲು ಸುಳ್ಳು ಹೆಸರಲ್ಲಿ ರೈಲಿನ ಸೆಕೆಂಡ್ ಕ್ಲಾಸಿನಲ್ಲಿ ಬಂದ. ಕೂಝಾ 1873ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ತೀರಿಕೊಂಡ.

ಯಾಶ್‌ನಲ್ಲಿ ಕೊಗಲ್ನಿಚಾನು ಮನೆ ಈಗ ಮ್ಯೂಸಿಯಂ. ಮಗಳು ಒಮ್ಮೆ ನೋಡಿ ಬರಲಿ. ಫೋಟೋ ಕಳಿಸಿದರೆ ನನಗೂ ತೋರಿಸಿ.