ಅಕ್ಕನಿಗೊಂದು ಪತ್ರ: 'ಉರಿಗೊಳ್ಳಬೇಡ' ಅಂದರೆ ಕೇಸ್ ಬಿಡಬೇಕಾ?

ಪ್ರಶ್ನೆ: ಅಕ್ಕಾ, ನನಗೆ 46 ವರ್ಷ, ಚಿಕ್ಕಮಗಳೂರು ಕಡೆಯವಳು. ಅಪ್ಪ ತೀರಿಕೊಂಡ ಹೊಸದರಲ್ಲಿ ಖಾತೆ ಬದಲಾವಣೆಗೆ ಬೇಕು ಅಂತ ಅಣ್ಣ ನನ್ನನ್ನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಸಹಿ ಹಾಕಿಸಿದ. ಅದು ಹಕ್ಕು ಬಿಡುಗಡೆ ಪತ್ರ ಅಂತ ಆಮೇಲೆ ಗೊತ್ತಾಯಿತು. ಮನೆ, ಎರಡು ಎಕರೆ ತೋಟ ಎಲ್ಲ ಈಗ ಅವನ ಹೆಸರಿಗಿದೆ. ಕೋರ್ಟಿಗೆ ಹಾಕಿ ಮೂರು ವರ್ಷವಾಯಿತು. ರಾತ್ರಿ ನಿದ್ದೆ ಇಲ್ಲ. ಚರ್ಚ್ ಮುಂದೆ ಅವನ ಹೊಸ ಕಾರು ಕಂಡರೆ ಮೈ ಉರಿಯುತ್ತದೆ. ಸಭೆಯ ಹಿರಿಯರೊಬ್ಬರು ಬೈಬಲ್‌ನ 37ನೇ ಕೀರ್ತನೆಯ 8ನೇ ವಚನ ತೋರಿಸಿ, "ಕೋಪ ಬಿಡು, ಉರಿಗೊಳ್ಳಬೇಡ ಅಂತ ದೇವರೇ ಹೇಳಿದ್ದಾರಲ್ಲಮ್ಮ, ಕೇಸ್ ವಾಪಸ್ ತಗೋ" ಅಂದರು. ನನ್ನ ಕೋಪ ಪಾಪವಾ? ಬಿಟ್ಟುಬಿಡು ಅಂದರೆ ಎಲ್ಲವನ್ನೂ ಬಿಡಬೇಕಾ? ಜನವರಿಯಲ್ಲಿ ಅಣ್ಣನ ಮಗಳ ಮದುವೆ ಬೇರೆ ಇದೆ.

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಆ ವಚನದಲ್ಲಿ ಕೇಸ್ ವಾಪಸ್ ತಗೋ ಅನ್ನುವ ಮಾತು ಎಲ್ಲೂ ಇಲ್ಲ.

ನೀವು 'ಮೈ ಉರಿಯುತ್ತದೆ' ಅಂತ ಬರೆದಿದ್ದೀರಿ ನೋಡಿ, ಆ ಕೀರ್ತನೆಯ ಮೂಲ ಹೀಬ್ರೂ ಪದವೂ ಅದೇ. ಅಲ್ಲಿರುವ ಕ್ರಿಯಾಪದ 'ಹರಾ', ಅಂದರೆ ಹೊತ್ತಿಕೊಳ್ಳು, ಉರಿ. ಇಂಗ್ಲಿಷ್ ಬೈಬಲ್‌ನಲ್ಲಿ ಅದಕ್ಕೆ 'ಫ್ರೆಟ್' ಅಂತ ಹಾಕಿದ್ದಾರೆ. ಆ ಪದದ ಹಳೆಯ ಅರ್ಥ ತಿನ್ನು, ಕೊರೆ ಅಂತ. ಅದೂ ತಪ್ಪಲ್ಲ, ಚಿಂತೆ ನಮ್ಮನ್ನು ತಿನ್ನುತ್ತದೆ ಅಲ್ವಾ. ಆದರೆ ನಮ್ಮ ಕನ್ನಡದ 'ಉರಿ' ಮೂಲಕ್ಕೆ ಜಾಸ್ತಿ ಹತ್ತಿರ. ಇನ್ನೊಂದು ವಿಷಯ ಇದೆ. ಈ ಕೀರ್ತನೆಯಲ್ಲಿ ಆ ಕ್ರಿಯಾಪದ ಬಂದಿರುವ ರೂಪ, ತನಗೆ ತಾನೇ ಮಾಡಿಕೊಳ್ಳುವ ಕೆಲಸವನ್ನು ಹೇಳುವಂಥದ್ದು. 'ನಿನ್ನನ್ನು ನೀನೇ ಕಾಯಿಸಿಕೊಳ್ಳಬೇಡ' ಅಂದಹಾಗೆ. 1, 7, 8ನೇ ವಚನಗಳಲ್ಲಿ ಒಟ್ಟು ಮೂರು ಸಲ ಅದೇ ಮಾತು ಬರುತ್ತದೆ. ಅನ್ಯಾಯ ಕಂಡಾಗ ಒಳಗೆ ಕಿಡಿ ಬೀಳುವುದು ಒಂದು. ಆ ಕಿಡಿಗೆ ರಾತ್ರಿಯೆಲ್ಲಾ ಊದುಕೊಳವೆ ಹಿಡಿದು ಕೂರುವುದು ಇನ್ನೊಂದು. ಕೀರ್ತನೆ ಬೇಡ ಅನ್ನುವುದು ಎರಡನೆಯದನ್ನು.

ಕೋಪಕ್ಕೆ ಅಲ್ಲಿರುವ ಪದ 'ಅಫ್'. ಅದಕ್ಕೆ ಮೂಗು ಅಂತಲೂ ಅರ್ಥ! ನಾವು 'ಮೂಗಿನ ತುದಿಯಲ್ಲೇ ಕೋಪ' ಅನ್ನುತ್ತೇವಲ್ಲ, ಹಾಗೆಯೇ. ವಿಮೋಚನಕಾಂಡದ 34ನೇ ಅಧ್ಯಾಯದಲ್ಲಿ ದೇವರು ದೀರ್ಘಶಾಂತರು ಅಂತ ಬರುತ್ತದೆ. ಅದನ್ನು ಹೀಬ್ರೂವಿನಿಂದ ಪದಕ್ಕೆ ಪದ ಇಟ್ಟರೆ 'ಉದ್ದ ಮೂಗಿನವರು' ಅಂತಾಗುತ್ತದೆ. ಇದನ್ನು ಮೊದಲ ಸಲ ತಿಳಿದ ದಿನ ನನಗೆ ತುಂಬಾ ಖುಷಿಯಾಗಿತ್ತು. ದೇವರಿಗೂ ಕೋಪ ಇದೆ, ಆದರೆ ಅದು ಮೂಗಿನ ತುದಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ ಅನ್ನುವ ಹಾಗೆ. ಇನ್ನು ಕೋಪವನ್ನು ಬಿಡು ಅನ್ನುವಲ್ಲಿ ಬಂದಿರುವ ಕ್ರಿಯಾಪದಕ್ಕೆ ಕೈ ಸಡಿಲಿಸು ಅನ್ನುವ ಅರ್ಥವಿದೆ. 46ನೇ ಕೀರ್ತನೆಯಲ್ಲಿ 'ಶಾಂತರಾಗಿರಿ, ನಾನೇ ದೇವರೆಂದು ತಿಳಿದುಕೊಳ್ಳಿ' ಅನ್ನುವ ಸಾಲು ಬರುತ್ತದಲ್ಲ, ಅಲ್ಲಿಯೂ ಅದೇ ಧಾತು. ಹಿಡಿದ ಮುಷ್ಟಿ ಬಿಚ್ಚು ಅಂತ.

ಈಗ ಜಮೀನಿನ ವಿಷಯಕ್ಕೆ ಬರೋಣ. 37ನೇ ಕೀರ್ತನೆಯನ್ನು ಇವತ್ತು ರಾತ್ರಿ ಪೂರ್ತಿ ಓದಿ, 40 ವಚನ ಅಷ್ಟೆ. ಅದರಲ್ಲಿ 'ದೇಶವನ್ನು ಬಾಧ್ಯವಾಗಿ ಹೊಂದುವರು' ಅನ್ನುವ ಭಾವ ಐದು ಸಲ ಬರುತ್ತದೆ: 9, 11, 22, 29, 34ನೇ ವಚನಗಳಲ್ಲಿ. ಅಲ್ಲಿರುವ ಹೀಬ್ರೂ ಪದಕ್ಕೆ ದೇಶ, ಭೂಮಿ, ನೆಲ ಎಲ್ಲ ಅರ್ಥವೂ ಇದೆ. ಅಂದರೆ ಇದು ಹೆಚ್ಚುಕಡಿಮೆ ನೆಲದ ಬಗ್ಗೆಯೇ ಇರುವ ಹಾಡು. ನೆಲ ಹೋಗುತ್ತದೇನೋ ಅಂತ ಹೆದರಿದವರಿಗೆ, ಮೋಸ ಮಾಡಿದವನು ಸೊಂಪಾಗಿ ಬೆಳೆಯುವುದನ್ನು ದಿನಾ ನೋಡಬೇಕಾದವರಿಗೆ ಒಬ್ಬ ವಯಸ್ಸಾದವನು ಹೇಳುತ್ತಿರುವ ಮಾತು. 35ನೇ ವಚನದಲ್ಲಿ ಆ ಕೆಟ್ಟವನನ್ನು ಚೆನ್ನಾಗಿ ಬೇರುಬಿಟ್ಟ ಹಸಿರು ಮರಕ್ಕೆ ಹೋಲಿಸಿದ್ದಾನೆ. ನಿಮಗೆ ಆ ಕಾರು ಕಾಣುತ್ತದಲ್ಲ, ಅವನಿಗೂ ಅಂಥದ್ದೇ ಏನೋ ಕಂಡಿತ್ತು. ಇಂಥ ಹಾಡನ್ನು ಹಿಡಿದುಕೊಂಡು ನೆಲ ಬಿಡು ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಬೈಬಲ್‌ನ ಅರಣ್ಯಕಾಂಡದ 27ನೇ ಅಧ್ಯಾಯವನ್ನೂ ಆ ಹಿರಿಯರಿಗೆ ತೋರಿಸಿ. ಚಲ್ಪಹಾದ ಅನ್ನುವವನಿಗೆ ಐದು ಜನ ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಅವರು ಮೋಶೆ, ಯಾಜಕ, ಮುಖಂಡರು, ಇಡೀ ಸಭೆ ಇವರೆಲ್ಲರ ಮುಂದೆ ನಿಂತು, ನಮ್ಮ ಅಪ್ಪನ ಪಾಲು ನಮಗೆ ಕೊಡಿ ಅಂತ ಕೇಳಿದರು. ಮೋಶೆ ದೇವರನ್ನು ಕೇಳಿದ. ದೇವರು ಏನಂದರು ಗೊತ್ತಾ? ಆ ಹೆಣ್ಣುಮಕ್ಕಳು ಹೇಳುವುದು ಸರಿ, ಕೊಡು ಅಂದರು. ನಮ್ಮ ನಾಡಿನ ಕಾನೂನೂ ಇಲ್ಲಿ ಹಾಗೇ ಹೇಳುತ್ತದೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಅಮ್ಮನಿಗೆ ಮೂರನೇ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಸಮ. ಮಗ, ಮಗಳು ಅನ್ನುವ ಭೇದವೇ ಇಲ್ಲ. ಬಿಡುಗಡೆ ಪತ್ರದ ವಿಷಯ ಏನಾಗುತ್ತದೋ ಅದನ್ನು ವಕೀಲರು ನೋಡಿಕೊಳ್ಳಲಿ. ಪಾಲು ಕೇಳುವುದರಲ್ಲಿ ಪಾಪವೇನೂ ಇಲ್ಲ.

ಅವರು ಇನ್ನೊಂದು ವಾಕ್ಯ ತೆಗೆಯಬಹುದು, 1 ಕೊರಿಂಥ 6, ಅಂದರೆ ಪೌಲ ಕೊರಿಂಥದ ಸಭೆಗೆ ಬರೆದ ಪತ್ರ. ವಿಶ್ವಾಸಿಗಳು ಒಬ್ಬರ ಮೇಲೊಬ್ಬರು ನ್ಯಾಯಾಲಯಕ್ಕೆ ಹೋಗುವ ಬದಲು ಅನ್ಯಾಯ ಸಹಿಸಬಾರದೇಕೆ ಅಂತ ಪೌಲ ಅಲ್ಲಿ ಕೇಳಿರುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೂ ಮೊದಲು 5ನೇ ವಚನದಲ್ಲಿ ಪೌಲ ಸಭೆಯನ್ನೇ ಗದರಿದ್ದಾರೆ: ಅಣ್ಣತಮ್ಮಂದಿರ ನಡುವೆ ನ್ಯಾಯ ಹೇಳಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿ ಇಲ್ಲವೇ? ಮತ್ತೆ 8ನೇ ವಚನದಲ್ಲಿ, ನೀವೇ ಮೋಸ ಮಾಡುತ್ತೀರಿ, ಅದೂ ಸಹೋದರರಿಗೆ ಅಂತ ಬಯ್ದಿದ್ದಾರೆ. ಹಾಗಾಗಿ ಹಿರಿಯರನ್ನು ವಿನಯವಾಗಿಯೇ ಕೇಳಿ, 'ಅಣ್ಣನನ್ನೂ ನನ್ನನ್ನೂ ಕೂರಿಸಿ ಆ ಕಾಗದ ಓದಿಸುತ್ತೀರಾ' ಅಂತ. ಅವರು ಹಾಗೆ ಕೂರಿಸಿ ನ್ಯಾಯವಾಗಿ ಇತ್ಯರ್ಥ ಮಾಡಿದರೆ ಅದೇ ಒಳ್ಳೆಯದು, ಕೇಸ್ ತಾನಾಗಿಯೇ ಮುಗಿಯುತ್ತದೆ. ಮೋಸ ಹೋದವಳಿಗೆ ಮಾತ್ರ ಬುದ್ಧಿ ಹೇಳಿ, ಮಾಡಿದವನ ಜೊತೆ ಕಾಫಿ ಕುಡಿದು ಬರುವುದಾದರೆ ಅವರು ಪೌಲನ ಅರ್ಧ ಮಾತು ಮಾತ್ರ ಓದಿದ್ದಾರೆ.

ಇಷ್ಟು ಹೇಳಿದ ಮೇಲೆ, ನಿಮ್ಮ ನಿದ್ದೆಯ ವಿಷಯ. ಅಲ್ಲಿ ನಾನು ಕೀರ್ತನೆಯ ಪರ. ಕೇಸ್ ಇರಲಿ, ಉರಿ ಹೋಗಬೇಕು. ಯಾಕಂದರೆ 8ನೇ ವಚನದ ಕೊನೆಯ ಭಾಗ ಸುಳ್ಳಲ್ಲ, ಉರಿಗೊಂಡರೆ ಅದು ಕೇಡಿಗೇ ಕರೆದುಕೊಂಡು ಹೋಗುತ್ತದೆ. ಈ ಕೀರ್ತನೆ ಯಾವ ದಾವೀದನ ಹೆಸರಿನಲ್ಲಿದೆಯೋ ಅವನದೇ ಕಥೆ ನೋಡಿ, 1 ಸಮುವೇಲ 25. ಕುರಿ ಉಣ್ಣೆ ಕತ್ತರಿಸುವ ಹಬ್ಬದ ದಿನ ಊಟಕ್ಕೆ ಏನಾದರೂ ಕೊಡಪ್ಪಾ ಅಂತ ಹೇಳಿಕಳಿಸಿದ್ದಕ್ಕೆ ಮೂರು ಸಾವಿರ ಕುರಿಗಳ ಒಡೆಯ ನಾಬಾಲ ಅವಮಾನ ಮಾಡಿ ಕಳಿಸಿದ. ದಾವೀದ ನಾನೂರು ಜನರಿಗೆ ಕತ್ತಿ ಕಟ್ಟಿಸಿಕೊಂಡು ಆ ಮನೆಯ ಗಂಡಸರನ್ನೆಲ್ಲ ಮುಗಿಸಲು ಹೊರಟೇಬಿಟ್ಟ. ಶುರುವಾಗಿದ್ದು ರೊಟ್ಟಿಯಿಂದ! ನಾಬಾಲನ ಹೆಂಡತಿ ಅಬೀಗೈಲ್ ಇನ್ನೂರು ರೊಟ್ಟಿ, ಹುರಿಗಾಳು, ಒಣದ್ರಾಕ್ಷಿ ಎಲ್ಲ ಕತ್ತೆಗಳ ಮೇಲೆ ಹೇರಿಕೊಂಡು ಎದುರಿಗೆ ಬಂದು ತಡೆಯದಿದ್ದರೆ ಏನಾಗುತ್ತಿತ್ತೋ.

ನನ್ನ ಅನುಭವ ಒಂದು ಹೇಳಲಾ? ಬಹಳ ಹತ್ತಿರದವರೊಬ್ಬರು ನನ್ನ ದುಡ್ಡಿನ ವಿಷಯದಲ್ಲಿ ಹೀಗೇ ಮಾಡಿದ್ದರು. ಎರಡು ವರ್ಷ, ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಪ್ರಾರ್ಥನೆಯಲ್ಲಿ ಕೂತಾಗಲೂ ಮನಸ್ಸಿನಲ್ಲೇ ಅವರ ಜೊತೆ ವಾದ. ಪ್ರತಿ ಸಲವೂ ನಾನೇ ಗೆಲ್ಲುತ್ತಿದ್ದೆ, ಆದರೂ ಮಾರನೇ ದಿನ ಮತ್ತೆ ಮೊದಲಿನಿಂದ ಶುರು. ನನಗೆ ದಾರಿ ಕಾಣಿಸಿದ್ದು ಅದೇ ಕೀರ್ತನೆಯ 5ನೇ ವಚನ. ನಿನ್ನ ಮಾರ್ಗವನ್ನು ದೇವರಿಗೆ ಒಪ್ಪಿಸು ಅನ್ನುವಲ್ಲಿ ಮೂಲದಲ್ಲಿರುವುದು 'ಉರುಳಿಸು' ಅನ್ನುವ ಪದ. ಎತ್ತಿ ಕೊಡಲು ಆಗದಷ್ಟು ಭಾರ, ಅದಕ್ಕೇ ಉರುಳಿಸು. ನಮ್ಮ ಹಳ್ಳಿ ದಾರಿಗಳಲ್ಲಿ ಮೊದಲು ಹೊರೆಗಲ್ಲು ಇರುತ್ತಿತ್ತಲ್ಲ, ತಲೆ ಮೇಲಿನ ಮೂಟೆಯನ್ನು ಯಾರ ಸಹಾಯವೂ ಇಲ್ಲದೆ ಅದರ ಮೇಲಕ್ಕೆ ಜಾರಿಸಬಹುದಿತ್ತು. ನಾನು ಮಾಡಿದ್ದು ಇಷ್ಟೆ: ಆ ವ್ಯವಹಾರದ ಕಾಗದಗಳಿಗೆ ಗುರುವಾರ ಸಂಜೆ ಅಂತ ಒಂದು ಹೊತ್ತು ಗೊತ್ತುಮಾಡಿದೆ. ಫೋನು, ಲೆಕ್ಕ, ವಕೀಲರು ಎಲ್ಲ ಅವತ್ತೇ. ಉಳಿದ ದಿನ ಫೈಲು ಟ್ರಂಕಿನಲ್ಲಿ. ನಡುವೆ ವಾದ ಶುರುವಾದರೆ, 'ಕರ್ತನೇ, ಇದು ನಿನ್ನ ಮೇಲೆ' ಅಂತ ಬಾಯಿಬಿಟ್ಟು ಹೇಳುತ್ತಿದ್ದೆ. ಮೊದಮೊದಲು ದಿನಕ್ಕೆ ಮೂವತ್ತು ನಲವತ್ತು ಸಲ ಹೇಳಬೇಕಾಗುತ್ತಿತ್ತು. ಬೇಜಾರು ಮಾಡಿಕೊಳ್ಳಬೇಡಿ, ಬೇಗ ಆಗುವ ಕೆಲಸ ಇದಲ್ಲ.

ಮತ್ತೆ ಅಳು ಬಂದರೆ ಅತ್ತುಬಿಡಿ. ಹನ್ನಳನ್ನು ನೆನೆಸಿಕೊಳ್ಳಿ. ಮಕ್ಕಳಿಲ್ಲ ಅಂತ ಸವತಿ ಪೆನಿನ್ನ ವರ್ಷಾ ವರ್ಷಾ ಚುಚ್ಚಿ ಚುಚ್ಚಿ ಅಳಿಸುತ್ತಿದ್ದಳು, ಹನ್ನ ಊಟ ಬಿಡುತ್ತಿದ್ದಳು. ಕೊನೆಗೆ ಗುಡಿಯಲ್ಲಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೊಯ್ದುಬಿಟ್ಟಳು. ತುಟಿ ಮಾತ್ರ ಅಲುಗುವುದನ್ನು ಕಂಡು ಯಾಜಕ ಏಲಿ ಇವಳು ಕುಡಿದಿದ್ದಾಳೆ ಅಂದುಕೊಂಡ. ಆಮೇಲೆ ಅವಳು ಎದ್ದು ಹೋಗಿ ಊಟ ಮಾಡಿದಳು, ಮುಖ ಮತ್ತೆ ಬಾಡಲಿಲ್ಲ ಅಂತ ಬರೆದಿದೆ. ಅಷ್ಟೊತ್ತಿಗೆ ಅವಳಿಗೆ ಮಗು ಹುಟ್ಟಿರಲಿಲ್ಲ, ಪೆನಿನ್ನ ಬದಲಾಗಿರಲೂ ಇಲ್ಲ. ಆದರೂ ಊಟ ಸೇರಿತು. ನಿಮಗೂ ತೀರ್ಪು ಬರುವ ಮೊದಲೇ ಊಟ ಸೇರಲಿ ಅನ್ನುವುದು ನನ್ನ ಆಸೆ.

ಮದುವೆಗೆ ಹೋಗಿ ತಂಗಿ. ಆ ಹುಡುಗಿ ನಿಮಗೇನೂ ಮಾಡಿಲ್ಲ. ಅಕ್ಷತೆ ಹಾಕಿದ ಹಾಗೆ ಒಂದು ಆಶೀರ್ವಾದ ಹೇಳಿ, ಊಟ ಮಾಡಿ ಬನ್ನಿ. 'ಸಾಧ್ಯವಾದರೆ, ನಿಮ್ಮಿಂದ ಆಗುವಷ್ಟು, ಎಲ್ಲರೊಂದಿಗೆ ಸಮಾಧಾನದಿಂದಿರಿ' ಅನ್ನುವುದು ರೋಮಾಪುರ 12:18ರ ಭಾವ. ಆಗುವಷ್ಟು ಮಾತ್ರ ಸಾಕು. ಅಣ್ಣನ ಜೊತೆ ನಕ್ಕು ಮಾತಾಡಲು ಅವತ್ತು ಆಗದಿದ್ದರೆ ಬಲವಂತ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. 'ಸೂರ್ಯ ಮುಳುಗುವ ಮುನ್ನ ಕೋಪ ತೀರಲಿ' ಅಂತ ಬೈಬಲ್‌ನಲ್ಲಿದೆ ಎಂದು ನನ್ನ ಹೆಂಡತಿ ಜಗಳ ಮುಗಿಯುವವರೆಗೆ ಮಲಗಲು ಬಿಡುವುದಿಲ್ಲ. ರಾತ್ರಿ ಎರಡಾಗುತ್ತದೆ, ಜಗಳ ಇನ್ನೂ ಜಾಸ್ತಿಯಾಗುತ್ತದೆ. ಏನು ಮಾಡಲಿ?

ಉತ್ತರ: ಆ ಮಾತು ಎಫೆಸ 4:26ರದ್ದು. ಅಲ್ಲಿ ಪೌಲ 4ನೇ ಕೀರ್ತನೆಯ ಸಾಲನ್ನು ಎತ್ತಿಕೊಂಡಿದ್ದಾರೆ. ಆ ಕೀರ್ತನೆಯನ್ನು ಇಬ್ಬರೂ ಕೂತು ಓದಿ. ಹಾಸಿಗೆಯ ಮೇಲೆ ನಿಮ್ಮ ಹೃದಯದೊಂದಿಗೆ ಮಾತಾಡಿಕೊಂಡು ಸುಮ್ಮನಿರಿ ಅಂತ ಅದೇ ವಚನದಲ್ಲಿದೆ, ಕೊನೆಯ ವಚನದಲ್ಲಿ ಹಾಡಿದವನು ನೆಮ್ಮದಿಯಾಗಿ ಮಲಗಿ ನಿದ್ದೆಯೇ ಮಾಡುತ್ತಾನೆ. ಮಲಗುವುದು ತಪ್ಪಲ್ಲಪ್ಪ. ಧರ್ಮೋಪದೇಶಕಾಂಡ 24:15ರಲ್ಲಿ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲು ಕೊಡು ಅಂತಲೂ ಇದೆ. ನನಗೆ ಈ ಎರಡು ಸೂರ್ಯಾಸ್ತಗಳನ್ನು ಒಟ್ಟಿಗೆ ಇಟ್ಟು ನೋಡುವುದು ಇಷ್ಟ. ಹೆಂಡತಿಗೆ ಕೊಡಬೇಕಾದ ಬಾಕಿ ಏನಾದರೂ ಇದ್ದರೆ, ಒಂದು 'ತಪ್ಪಾಯ್ತು' ಅನ್ನುವ ಮಾತೋ, ಒಂದು ಸರಿಯಾದ ಉತ್ತರವೋ, ಅದನ್ನು ಸಂಜೆಗೇ ಕೊಟ್ಟುಬಿಡಿ. ಉಳಿದ ವಾದಕ್ಕೆ 'ನಾಳೆ ಬೆಳಗ್ಗೆ ಕಾಫಿ ಆದಮೇಲೆ' ಅಂತ ಹೊತ್ತು ಹೇಳಿ, ಹೇಳಿದ ಹೊತ್ತಿಗೆ ನೀವೇ ಮೊದಲು ಬಂದು ಕೂರಿ. ನೀವು ತಪ್ಪಿಸಿಕೊಳ್ಳುತ್ತಿದ್ದೀರಿ ಅನ್ನುವ ಭಯಕ್ಕೇ ಆಕೆ ಮಲಗಲು ಬಿಡುತ್ತಿಲ್ಲ ಅಂತ ನನ್ನ ಅಂದಾಜು.

ಪ್ರಶ್ನೆ: ಯೇಸುವೇ ದೇವಾಲಯದಲ್ಲಿ ಹಣ ಬದಲಾಯಿಸುವವರ ಮೇಜುಗಳನ್ನು ಕೆಡವಿದರಲ್ಲ? ಹಾಗಾದರೆ ನಾವು ಸಿಟ್ಟಿನಲ್ಲಿ ಒಂದೆರಡು ಮಾತು ಎಸೆದರೆ ತಪ್ಪೇನು?

ಉತ್ತರ: ಮಾರ್ಕ 11ನ್ನು ನಿಧಾನವಾಗಿ ಓದಿ. ಯೇಸು ಹಿಂದಿನ ದಿನ ಸಂಜೆಯೇ ದೇವಾಲಯಕ್ಕೆ ಹೋಗಿ ಎಲ್ಲವನ್ನೂ ಸುತ್ತ ನೋಡಿದರು. ಹೊತ್ತಾಗಿದೆ ಅಂತ ಬೇಥಾನ್ಯಕ್ಕೆ ಹೋಗಿ ರಾತ್ರಿ ಕಳೆದರು. ಮೇಜು ಕೆಡವಿದ್ದು ಮಾರನೇ ದಿನ. ಅವರು ಕೋಪದಿಂದ ನೋಡಿದರು ಅಂತ ನೇರವಾಗಿ ಬರೆದಿರುವ ಜಾಗ ಮಾರ್ಕ 3:5. ಕೈ ಬತ್ತಿದ ಒಬ್ಬ ಮನುಷ್ಯನನ್ನು ಸಬ್ಬತ್ ಅನ್ನುವ ವಿಶ್ರಾಂತಿಯ ದಿನ ಗುಣಮಾಡಬಾರದು ಅಂತ ಕಾದು ಕೂತಿದ್ದವರ ಮೇಲೆ ಆ ಕೋಪ. ಅದೇ ವಚನದಲ್ಲಿ ಅವರ ಮನಸ್ಸು ಕಲ್ಲಾಗಿರುವುದಕ್ಕೆ ದುಃಖಪಟ್ಟರು ಅಂತಲೂ ಇದೆ. ಕೋಪ, ದುಃಖ ಎರಡೂ ಒಟ್ಟಿಗೆ. ಆಮೇಲೆ ಯಾರ ಮೇಲೂ ಮಾತು ಎಸೆಯಲಿಲ್ಲ. ಆ ಮನುಷ್ಯನ ಕಡೆ ತಿರುಗಿ, ಕೈ ಚಾಚು ಅಂದರು. ಅವನು ಚಾಚಿದ, ಕೈ ವಾಸಿಯಾಯಿತು.