ಸೇವೆ ಎಂದರೆ ಸಂಬಳ ತಡವಾದರೂ ನಡೆಯುತ್ತದೆಯೆ?

ಪ್ರಶ್ನೆ: ನಮ್ಮ ಬೌದ್ಧ ಟ್ರಸ್ಟು ಒಂದು ವಿದ್ಯಾರ್ಥಿನಿಲಯ, ಒಂದು ಸಣ್ಣ ದವಾಖಾನೆ ನಡೆಸುತ್ತದೆ. ಅಡುಗೆಯವರು, ನರ್ಸ್, ಲೆಕ್ಕಿಗರು ಸೇರಿ 14 ಮಂದಿ ಕೆಲಸಗಾರರು. ಬೆಳಿಗ್ಗೆ ಡ್ಯೂಟಿಗೆ ಮುಂಚೆ ಅರ್ಧ ತಾಸು ಧ್ಯಾನ ಕಡ್ಡಾಯ ಮಾಡಿದ್ದೇವೆ. ದೇಣಿಗೆ ಕಡಿಮೆಯಾದ ತಿಂಗಳು ಸಂಬಳ ತಡವಾಗುತ್ತದೆ, ಸೇವೆ ಎಂದು ಸಹಿಸಿಕೊಳ್ಳಿ ಎನ್ನುತ್ತೇವೆ. ಆದರೆ ಕೆಲಸ ಬಿಡುವವರೇ ಹೆಚ್ಚು. ಆಧ್ಯಾತ್ಮಿಕ ನಾಯಕತ್ವ ಎಲ್ಲಿ ಸೋಲುತ್ತಿದೆ?
– ಓದುಗರು, ಹುಬ್ಬಳ್ಳಿ

ಉತ್ತರ: ಭಿಕ್ಷುವಿನ ತ್ಯಾಗವನ್ನು ಅಡುಗೆಯವರಿಂದಲೂ ನಿರೀಕ್ಷಿಸುವಲ್ಲಿ ಸೋಲುತ್ತಿದೆ. ಭಿಕ್ಷುವಿಗೆ ವಿನಯದ, ಅಂದರೆ ಸಂಘದ ಶಿಸ್ತಿನ, ನಿಯಮಗಳಿವೆ, ಊಟ-ವಸತಿ ಸಂಘದ್ದು. ಅಡುಗೆಯವರಿಗೆ ಮನೆ ಬಾಡಿಗೆ, ಮಕ್ಕಳ ಫೀಸು ಇವೆ.

ಬುದ್ಧನ ದೀರ್ಘ ಉಪದೇಶಗಳ ಸಂಗ್ರಹವಾದ ದೀಘನಿಕಾಯದ 31ನೇ ಸುತ್ತ (ಉಪದೇಶ), ಸಿಗಾಲೋವಾದ, ಗೃಹಸ್ಥನಿಗೆ ಹೇಳಿದ್ದು. ಗೃಹಸ್ಥ ಗೌರವಿಸಬೇಕಾದ ಆರು ಸಂಬಂಧಗಳನ್ನು ಅದು ಆರು ದಿಕ್ಕುಗಳೆನ್ನುತ್ತದೆ: ಕೆಲಸಗಾರರು ಕೆಳಗಿನ ದಿಕ್ಕು, ಶ್ರಮಣರು (ಸನ್ಯಾಸಿಗಳು) ಮೇಲಿನ ದಿಕ್ಕು. ಗೌರವ ಎರಡಕ್ಕೂ ಸಲ್ಲಬೇಕು. ಯಜಮಾನನ ಕರ್ತವ್ಯ ಐದು: ಶಕ್ತಿಗೆ ತಕ್ಕ ಕೆಲಸ, ಊಟ-ವೇತನ, ಕಾಯಿಲೆಯಲ್ಲಿ ಆರೈಕೆ, ವಿಶೇಷ ತಿನಿಸಿನಲ್ಲಿ ಪಾಲು, ಸಮಯಕ್ಕೆ ಬಿಡುವು. ಗಮನಿಸಿ, ಧ್ಯಾನ ಈ ಪಟ್ಟಿಯಲ್ಲಿಲ್ಲ.

ನಿರ್ವಹಣಾಶಾಸ್ತ್ರದ ವಿದ್ವಾಂಸ ಲೂಯಿಸ್ ಫ್ರೈ 2003ರಲ್ಲಿ ಮಂಡಿಸಿದ ಆಧ್ಯಾತ್ಮಿಕ ನಾಯಕತ್ವದ ಸಿದ್ಧಾಂತವೂ ದೂರದೃಷ್ಟಿ, ಭರವಸೆಗಳ ಜೊತೆಗೆ ನಿಸ್ವಾರ್ಥ ಪ್ರೀತಿಯನ್ನು ಕೇಳುತ್ತದೆ. ‘ನನ್ನ ಕೆಲಸಕ್ಕೆ ಅರ್ಥವಿದೆ, ನಾನು ಇಲ್ಲಿಯವನು’ ಎಂಬ ಭಾವ ಹುಟ್ಟುವುದು ಆಗಲೇ. ಸಂಬಳ ತಡವಾಗುವ ಕಡೆ ಆ ಪ್ರೀತಿಯನ್ನು ಯಾರೂ ನಂಬುವುದಿಲ್ಲ.

ಮೊದಲು ಸಂಬಳದ ತಾರೀಕು ಗಟ್ಟಿ ಮಾಡಿ. ದೇಣಿಗೆ ಒಂದೊಂದು ತಿಂಗಳು ಕಡಿಮೆ ಬರುವುದು ಸಹಜ. ಅದಕ್ಕೇ ಮೂರು ತಿಂಗಳ ಸಂಬಳವನ್ನು ಬೇರೆ ಖಾತೆಯಲ್ಲಿಡಿ, ಕಟ್ಟಡದ ಕೆಲಸಕ್ಕೆ ಅದನ್ನು ಮುಟ್ಟಬೇಡಿ. ಆಮೇಲೆ ಒಬ್ಬೊಬ್ಬರ ಜೊತೆ 20 ನಿಮಿಷ ಕೂತು ಮಾತಾಡಿ. 14 ಮಂದಿಗೆ ಐದು ತಾಸೂ ಬೇಡ. ಯಾವ ಕೆಲಸ ಮೈಮೀರುತ್ತಿದೆ, ರಜೆ ಎಲ್ಲಿ ತಪ್ಪುತ್ತಿದೆ ಎಂದು ಕೇಳಿ. ಆ ಹೊತ್ತಿಗೆ ಭಂತೇಜಿ (ಪೂಜ್ಯ ಭಿಕ್ಷು) ಎದುರಿಗಿರುವುದು ಬೇಡ: ತಾವು ಯಾರ ಕಾಲಿಗೆ ನಮಸ್ಕರಿಸುತ್ತಾರೋ ಅವರ ಮುಂದೆ ಯಾರೂ ತಕರಾರು ಹೇಳುವುದಿಲ್ಲ, ‘ಎಲ್ಲಾ ಆರಾಮ ಐತ್ರಿ’ ಅಂದು ಎದ್ದು ಹೋಗಿ, ಮುಂದಿನ ತಿಂಗಳು ರಾಜೀನಾಮೆ ಕೊಡುತ್ತಾರೆ. ಹೇಳಿದ್ದರಲ್ಲಿ ಒಂದನ್ನಾದರೂ 15 ದಿನದೊಳಗೆ ಸರಿಪಡಿಸಿ ತೋರಿಸಿ.

ಧ್ಯಾನವನ್ನು ಡ್ಯೂಟಿಯ ಅವಧಿಯೊಳಗೆ ತನ್ನಿ, ಐಚ್ಛಿಕ ಮಾಡಿ, ಹಾಜರಿ ತೆಗೆಯಬೇಡಿ. ನಸುಕಿನಲ್ಲೇ ಒಲೆ ಹಚ್ಚುವವರಿಗೆ ಆ ಅರ್ಧ ತಾಸು ಕಡಿತಗೊಂಡ ನಿದ್ದೆ, ಅಷ್ಟೆ. ಬೇರೆ ಧರ್ಮದ ಕೆಲಸಗಾರರಿದ್ದರೆ ಈ ಎಚ್ಚರ ಇನ್ನೂ ಹೆಚ್ಚಿರಲಿ.

ನಮ್ಮ ಗದಗ ಜಿಲ್ಲೆಯ ಡಂಬಳದಲ್ಲಿ ಬೌದ್ಧ ವಿಹಾರ (ಭಿಕ್ಷುಗಳ ಮಠ) ಕಟ್ಟಿಸಿದವರು 16 ಮಂದಿ ಸೆಟ್ಟರು ಎನ್ನುತ್ತದೆ 1095ರ ಶಾಸನ. ವಿಹಾರಗಳು ನಿಂತದ್ದು ಗೃಹಸ್ಥರ ದುಡಿಮೆಯ ಮೇಲೆ. ಹಾಗಿರುವಾಗ ಅವರ ಸಂಸಾರದ ಲೆಕ್ಕ ಧರ್ಮಕ್ಕೆ ಹೊರಗಿನದಲ್ಲ.

ಈ ಬುದ್ಧ ಪೂರ್ಣಿಮೆಗೆ ಅಡುಗೆಯವರನ್ನೂ ಕಸಗುಡಿಸುವವರನ್ನೂ ಮೊದಲ ಪಂಕ್ತಿಗೆ ಕೂರಿಸಿ, ಟ್ರಸ್ಟಿಗಳು ಬಡಿಸಲಿ. ಅಂದು ದುಡಿದವರಿಗೆ ಅದೇ ವಾರ ಬದಲಿ ರಜೆ ಕೊಡಿ.